ಥೇಮ್ಸ್ ನದಿಯ ಫೋಟೋಗಳಲ್ಲಿ ಇವರಿಲ್ಲ

ಫೋಟೋ ಹುಚ್ಚಿನ ಗೆಳತಿಯರೇ, ಇದು ನಿಮಗೇ. ಇವತ್ತು ಮಧ್ಯಾಹ್ನ ಪಾಲೋ ಆಲ್ಟೋದಲ್ಲಿ ಗೆಳತಿ ಸುಮಾಳ ಮನೆಯಲ್ಲಿ ಊಟ. ಹೋದ ತಿಂಗಳು ಇಂಗ್ಲೆಂಡಿನಲ್ಲಿ ಬಾಡಿಗೆ ದೋಣಿ ಹಿಡಿದು ಎರಡು ದಿನ ಥೇಮ್ಸ್ ನದಿಯಲ್ಲಿ ತೇಲಿದ ಫೋಟೋಗಳನ್ನು ಟೀವಿಗೆ ಹಾಕಿ ಜಂಬದಿಂದ ತೋರಿಸಿದೆ. ಹಂಸಗಳು, ದಡದ ಮರಗಳು, ಚುರುಮುರಿ ತಿನ್ನುತ್ತಿರುವ ನಾನು, ಮಗಳು.

"ನಿಮ್ಮೆಜಮಾನ್ರು ಬಂದಿರ್ಲಿಲ್ವೇನೆ?" ಎಂದಳು ಸುಮಾ.

ನೂರಾರು ಫೋಟೋಗಳಲ್ಲಿ ಒಂದರಲ್ಲೂ ಇವರಿಲ್ಲ!

"ಅಪ್ಪ ವಾಸ್ ಡ್ರೈವಿಂಗ್," ಎಂದಳು ಮಗಳು.

ಧಾರವಾಡದವರಾದ ನಮ್ಮ ಯಜಮಾನರು ನಕ್ಕರು. "ಎಲ್ಲಾರೂ ಮುಂದ ಕುಂತ್ರ ಬೋಟ್ ನಡಸಾವ್ರು ಯಾರು?"

ಎರಡೂ ದಿನ ದೋಣಿಯ ಹಿಂದೆ ಒಬ್ಬರೇ ನಿಂತು ಚುಕ್ಕಾಣಿ ಹಿಡಿದಿದ್ದರು. ಚಹಾ ಕೊಡಲು ನಾನು ಹೋಗಿದ್ದುಂಟು, ಫೋನನ್ನು ಮುಂದೆಯೇ ಬಿಟ್ಟು.

ಹೊರಡುವಾಗ ಕಾರಿನ ಕೀಲಿ ಕೇಳಿದೆ. "ಇವತ್ತು ನಾನ್ ಡ್ರೈವ್ ಮಾಡ್ತೀನಿ, ನೀವು ಆರಾಮಾಗಿ ಕೂತ್ಕೊಳ್ಳಿ."

"ಬ್ಯಾಡ ಬಿಡು, ಉಂಡ ಮ್ಯಾಲ ನಿನಗ ನಿದ್ದಿ ಬರ್ತದ."

ಖಂಡಿತ ಬರುವುದಿಲ್ಲ ಎಂದು ವಾದಿಸುತ್ತಲೇ ಪಕ್ಕದ ಸೀಟಿನಲ್ಲಿ ಕೂತೆ. ಗಿಲ್‌ರಾಯ್‌ನಲ್ಲಿ ನಮ್ಮ ಮನೆ ಬಂದಾಗ ಅವರೇ ಎಬ್ಬಿಸಿದರು.