ಸಿಪ್ಪೆ ಕಲ್ಲಮ್ಮ ನುಂಗಿದ ಮಾತು

ಕಾಲರಾ ಬಂದ ವರ್ಷ ಊರು ಬಿಟ್ಟು ಹೊಲಕ್ಕೆ ಓಡಿಹೋದವರ ಪೈಕಿಯಲ್ಲ ಗೋವಿನಕೋವಿಯ ಮರುಳಪ್ಪ. ತನ್ನ ಬಾವಿಕಟ್ಟೆಯ ಗಜನಿಂಬೆ ಗಿಡವನ್ನು ಒಂದು ಕಾಯಿ ಉಳಿಯದಂತೆ ಬೋಳಿಸಿ, ಕುದಿಸಿ ಆರಿಸಿದ ನೀರಿಗೆ ಉಪ್ಪು ಬೆಲ್ಲ ಕೂಡಿಸಿ ಹಿಂಡಿ, ಹಾಸಿಗೆ ಹಿಡಿದವರ ಬಾಯಿಗೆ, ಕೂಸಿಗೆ ಹಾಲು ಕುಡಿಸುವ ಒಳಲೆಯಲ್ಲಿ ಹನಿಹನಿಯಾಗಿ ಬಿಟ್ಟವನು ಅವನು. ಅವನ ಮಗಳು ಹಾಲಮ್ಮ ಆ ಹಿಂಡಿದ ಸಿಪ್ಪೆಯನ್ನೂ ತಿಪ್ಪೆಗೆ ಹಾಕಲಿಲ್ಲ. ಒಣಗಿಸಿ, ಸೀಗೆಕಾಯಿ ಜೊತೆ ಕುಟ್ಟಿ, ಬಾಣಂತಿಯರ ತಲೆಗೂ ಮದುವಣಗಿತ್ತಿಯರ ಮೈಗೂ ಹಚ್ಚಿ ಸುತ್ತ ಏಳು ಹಳ್ಳಿಯಲ್ಲಿ ಕೈಗುಣದವಳು ಅನ್ನಿಸಿಕೊಂಡಳು. ಹಾಲಮ್ಮನ ಮಗ ಜಯದೇವಪ್ಪ ಮಠದ ಪಲ್ಲಕ್ಕಿಯ ಹಿತ್ತಾಳೆ ಕಳಸವನ್ನು ಹೇರಳೆಕಾಯಿ ಸಿಪ್ಪೆಯಲ್ಲೂ ಒಲೆಬೂದಿಯಲ್ಲೂ ತಿಕ್ಕಿ ತಿಕ್ಕಿ, ಸ್ವಾಮಿಗಳು ಅದರಲ್ಲೇ ಮುಖ ನೋಡಿಕೊಂಡು ವಿಭೂತಿ ಧರಿಸುವಷ್ಟು ಬೆಳಗಿದವನು. ಮಂದಿ ಹಣ್ಣು ತಿಂದು ದೊಡ್ಡವರಾದರೆ ಈ ಮನೆತನ ಸಿಪ್ಪೆಯಲ್ಲೇ ಹೆಸರು ಮಾಡಿತು.

ಆ ಜಯದೇವಪ್ಪನ ಮಗಳು ಕಲ್ಲಮ್ಮ. ನ್ಯಾಮತಿಗೆ ಸೊಸೆಯಾಗಿ ಬಂದು ಐವತ್ತು ವರ್ಷದ ಮೇಲಾಯಿತು. ಈಗ ಮಗ, ಸೊಸೆ ಅರುಣಾ, ಒಂದು ಹಸು, ಎರಡು ಒರಳುಕಲ್ಲು ಇರುವ ತುಂಬಿದ ಮನೆ. ಸೊಸೆ ಮಿಕ್ಸಿ ತಂದಿದ್ದಾಳೆ. ಅದು ಚಟ್ನಿಗೆ ಮಾತ್ರ. ಸಿಪ್ಪೆ ಒರಳಲ್ಲೇ ಕುಟ್ಟಬೇಕು, ಮಿಕ್ಸಿಯಲ್ಲಿ ಹಾಕಿದರೆ ಬಿಸಿಯಾಗಿ ವಾಸನೆ ಹಾರಿಹೋಗುತ್ತದೆ ಎಂಬುದು ಕಲ್ಲಮ್ಮನ ವಾದ.

ಬೆಳಿಗ್ಗೆ ಹತ್ತಕ್ಕೆ ಬಿದಿರು ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ರಘುನಾಥನ ಜ್ಯೂಸ್ ಅಂಗಡಿಗೆ ಹೋಗುವುದು ಅವಳ ದಿನಚರಿ. ಮೋಸಂಬಿ ಸಿಪ್ಪೆ, ಕಿತ್ತಳೆ ಸಿಪ್ಪೆ, ಸೋಡಾಕ್ಕೆ ಹಿಂಡಿದ ನಿಂಬೆ ಹೋಳು ಎಲ್ಲ ಅವಳ ಪಾಲು.

“ಹಣ್ಣು ತೊಳೆದೇನೋ?”

“ತೊಳೆದೀನಿ ಕಲ್ಲಕ್ಕ. ನಾನು ಸ್ನಾನ ಮಾಡೀನೋ ಇಲ್ವೋ ಅದ್ನೂ ಕೇಳ್ಬಿಡು.”

“ಅದು ಮೂಗಿಗೇ ಗೊತ್ತಾಗ್ತೈತೆ ಬಿಡು. ಹಣ್ಣಿಂದು ಹೇಳು.”

ಬುಟ್ಟಿ ಮನೆಗೆ ಬಂದರೆ ಒಂದು ತುಣುಕೂ ದಂಡವಾಗುವುದಿಲ್ಲ. ಎಳೆಯ ಕಿತ್ತಳೆ ಸಿಪ್ಪೆ ಹುಣಸೆ, ಬೆಲ್ಲ ಸೇರಿ ಗೊಜ್ಜಾಗುತ್ತದೆ. ಆ ಗೊಜ್ಜು ಇದ್ದ ದಿನ ಮಗ ಎರಡು ರೊಟ್ಟಿ ಹೆಚ್ಚು ತಿನ್ನುತ್ತಾನೆ. ನಿಂಬೆ ಹೋಳನ್ನು ಉಪ್ಪಿಗೆ ಅದ್ದಿ ತಾಮ್ರದ ಹಂಡೆಗೆ ತಿಕ್ಕಿದರೆ ಹಂಡೆ ಹೊಸ ಅಳಿಯನ ಹಾಗೆ ಹೊಳೆಯುತ್ತದೆ. ಮೋಸಂಬಿ ಸಿಪ್ಪೆ ಕುದಿಸಿದ ನೀರಿನಿಂದ ಅಡುಗೆಮನೆ ನೆಲ ಒರೆಸಿದರೆ ಇರುವೆ ಸಾಲು ದಾರಿ ಬದಲಿಸುತ್ತದೆ. ಒಣಸಿಪ್ಪೆಯ ಪುಟ್ಟ ಗಂಟು ಬೀರುವಿನ ರೇಷ್ಮೆ ಸೀರೆ ಮಡಿಕೆಯಲ್ಲಿರುತ್ತದೆ. ಬಿರುಸಾಗಿ ಯಾತಕ್ಕೂ ಬಾರದ್ದು ನೀರೊಲೆಗೆ ಹೋಗಿ, ಸೀಮೆಎಣ್ಣೆ ಹನಿಯೂ ಇಲ್ಲದೆ ಪಟಪಟನೆ ಹತ್ತಿಕೊಳ್ಳುತ್ತದೆ.

ಆದರೆ ಅವಳ ಹೆಸರು ನಿಂತಿರುವುದು ಮೈಗೆ ಹಚ್ಚುವ ಪುಡಿಯ ಮೇಲೆ. ನೆರಳಲ್ಲಿ ಒಣಗಿಸಿದ ಮೋಸಂಬಿ ಸಿಪ್ಪೆ ಕುಟ್ಟಿ, ಹಳೇ ಸೀರೆ ಅರಿವೆಯಲ್ಲಿ ಜರಡಿ ಹಿಡಿದು, ಕಡಲೆಹಿಟ್ಟು, ಚಿಟಿಕೆ ಕಸ್ತೂರಿ ಅರಿಶಿನ ಬೆರೆಸಿದ್ದು. ಅವರ ಓಣಿಯಲ್ಲಿ ಯಾವ ಹುಡುಗಿಯ ಮದುವೆಯಾದರೂ ಅರಿಶಿನದ ದಿನ ಮೊದಲ ಹಿಡಿ ಪುಡಿ ಕಲ್ಲಮ್ಮನ ಕೈಯಿಂದಲೇ ಮೈಗೆ ಬೀಳಬೇಕು. ನಲವತ್ತು ವರ್ಷದಿಂದ ತಪ್ಪಿಲ್ಲ. ಪುಡಿಯಿರಲಿ, ಹಸಿ ಸಿಪ್ಪೆಯಿರಲಿ, ಕೇಳಿದವರಿಗೆ ಪುಕ್ಕಟೆ. ಒಂದೇ ಕಟ್ಟಳೆ. ಗಂಟನ್ನು ಚಾಚುತ್ತಾಳೆ, ಬಿಡುವುದಿಲ್ಲ. ಇತ್ತ ತುದಿ ಅವಳ ಕೈಯಲ್ಲಿ, ಅತ್ತ ತುದಿ ಕೇಳಿದವರ ಕೈಯಲ್ಲಿ.

“ಹಸಿ ಸಿಪ್ಪೆಗೂ ಬಿಸಿಲಿಗೂ ಸವತಿ ಮಚ್ಚರ. ಒಂದೇ ಮೈಮೇಲೆ ಇಬ್ರನ್ನೂ ಕೂಡಿಸಬ್ಯಾಡ್ರಿ. ಪುಡಿ ಹಚ್ಚಿದ್ರೂ ಹೊತ್ತು ಮುಣುಗಿದ ಮೇಲೆ, ತೊಳ್ಕಂಡೇ ಮಲಗ್ರಿ. ಹೂಂ, ಹೇಳ್ರಿ ಈಗ.”

ಕೇಳಿದವರು ಅಷ್ಟನ್ನೂ ತಿರುಗಿ ಹೇಳಿದ ಮೇಲೇ ಗಂಟು ಕೈ ಬಿಡುವುದು. ಪಂಚಾಯಿತಿ ಮೆಂಬರ ಹೆಂಡತಿಯೂ ಹೇಳಿದ್ದಾಳೆ, ಶಾಲೆ ಟೀಚರೂ ಹೇಳಿದ್ದಾರೆ.

ಹೀಗಿರುವಾಗ ಈಚೆಗಿನ ಮಾಘ ಕಳೆದು ಬಿಸಿಲು ಚುರುಕಾಗುವ ಹೊತ್ತಿಗೆ ಎದುರುಮನೆ ನಾಗರತ್ನ ಮಗಳ ಲಗ್ನಪತ್ರಿಕೆ ಹಿಡಿದು ಬಂದಳು. ಮಗಳು ರೂಪಶ್ರೀ ಕಲ್ಲಮ್ಮನ ತೊಡೆಯ ಮೇಲೆ ಎರೆಸಿಕೊಂಡು ಬೆಳೆದ ಕೂಸು. ಗಂಡು ಹೊನ್ನಾಳಿಯ ಗುರುಬಸವರಾಜ್, ಸ್ವಂತ ಟ್ರ್ಯಾಕ್ಟರ್ ಗ್ಯಾರೇಜು ಇಟ್ಟವನು. ಕಲ್ಲಮ್ಮ ಆರು ತಿಂಗಳಿಂದ ಒಳ್ಳೊಳ್ಳೆ ಸಿಪ್ಪೆ ಆಯ್ದು, ಇವಳ ಅರಿಶಿನಕ್ಕೆಂದೇ ಪುಡಿ ಕುಟ್ಟಿ ಬೇರೆ ಡಬ್ಬಿಯಲ್ಲಿ ತುಂಬಿಟ್ಟಿದ್ದಳು.

ನಾಗರತ್ನ ಅರಿಶಿನ ಕುಂಕುಮ ಕೊಟ್ಟು, ಪತ್ರಿಕೆ ಕೊಟ್ಟು, ಸೆರಗು ಸರಿಮಾಡಿಕೊಳ್ಳುತ್ತಾ ಅಂದಳು: “ಈ ಸಲ ನಿಮಗೆ ಯಾತರ ತ್ರಾಸೂ ಇಲ್ಲ ನೋಡ್ರಿ ದೊಡ್ಡಮ್ಮ. ದಾವಣಗೆರೆಯಿಂದ ಪಾರ್ಲರ್‌ನೋರು ಬರ್ತಾರೆ. ಅರಿಶಿನದ ದಿನದಿಂದ ಎಲ್ಲಾ ಅವರದೇ. ನೀವು ಸುಮ್ಕೆ ಬಂದು ಮುಂದ್ಲ ಕುರ್ಚೀಲಿ ಕುತ್ಕಂಬಿಡ್ರಿ.”

“ಆಗ್ಲಿ ಕಣವ್ವ. ಒಳ್ಳೇದೇ ಆತು” ಅಂದಳು ಕಲ್ಲಮ್ಮ. ನಾಗರತ್ನ ಹೋದ ಮೇಲೆ ಆ ಡಬ್ಬಿಯನ್ನು ಅಟ್ಟಕ್ಕೆ ನೂಕಿದಳು. ಮಧ್ಯಾಹ್ನ ಊಟಕ್ಕೆ ಕರೆದ ಸೊಸೆಗೆ ಹಸಿವಿಲ್ಲ ಅಂದಳು.

ಮಾರನೆಯ ಬೆಳಿಗ್ಗೆ ರೂಪಶ್ರೀ ಫೋನು ಕೈಯಲ್ಲಿ ಹಿಡಿದು ಕುಣಿಯುತ್ತಾ ಬಂದಳು. “ಅಜ್ಜಿ, ನಾಕು ಹಸಿ ನಿಂಬೆ ಸಿಪ್ಪೆ ಕೊಡು. ವಿಡಿಯೋದಾಗೆ ತೋರ್ಸ್ಯಾರೆ, ತಿಕ್ಕಂಡ್ರೆ ಒಂದೇ ವಾರಕ್ಕೆ ಬೆಳ್ಳಗಾಗ್ತಾರಂತೆ.”

ಕಲ್ಲಮ್ಮ ಅವಳತ್ತ ತಿರುಗಿಯೂ ನೋಡಲಿಲ್ಲ. ಹಸುವಿನ ಮುಂದೆ ಹುಲ್ಲು ಕೆದರುತ್ತಾ, “ಬುಟ್ಟಿಯಾಗೆ ಬಿದ್ದಾವೆ. ತಗಂಡು ಹೋಗು” ಅಂದಳು. ಕಟ್ಟಳೆಯ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಪಾರ್ಲರ್‌ನವರು ಹೇಳಿಕೊಳ್ಳಲಿ ಎಂದು ನುಂಗಿಕೊಂಡಳು. ನಲವತ್ತು ವರ್ಷದಲ್ಲಿ ಅದೇ ಮೊದಲು, ಸಿಪ್ಪೆ ಅವಳ ಮನೆಯಿಂದ ಮಾತಿಲ್ಲದೆ ಹೊರಗೆ ಹೋಯಿತು.

ರೂಪಶ್ರೀ ಕುತ್ತಿಗೆಗೆ, ಮೊಣಕೈವರೆಗೆ ರಸ ಇಳಿಯುವಂತೆ ತಿಕ್ಕಿಕೊಂಡಳು. ತೊಳೆದರೆ ಗುಣ ಹೋಗುತ್ತದೆಂದು ಹಾಗೇ ಬಿಟ್ಟು, ಮದುವೆಗೆ ಹೊಸೆದ ಶಾವಿಗೆ ಒಣಹಾಕಲು ಮಾಳಿಗೆ ಹತ್ತಿದಳು. ಕಾಗೆ ಕಾಯುತ್ತಾ ನೆತ್ತಿ ಮೇಲಿನ ಬಿಸಿಲಲ್ಲಿ ಎರಡು ತಾಸು ಕೂತಳು. ಮರುದಿನ ಉರಿ. ಅದರ ಮರುದಿನ ಕೆಂಪು. ನಾಲ್ಕನೇ ದಿನಕ್ಕೆ ರಸ ಇಳಿದ ದಾರಿಯಲ್ಲೆಲ್ಲ, ಕಾಫಿ ಚೆಲ್ಲಿದ ಹಾಗೆ, ಕಪ್ಪು ಪಟ್ಟೆಗಳು. ಮದುವೆಗೆ ಉಳಿದದ್ದು ಹನ್ನೆರಡು ದಿನ.

ನಾಗರತ್ನ ಮಗಳ ರಟ್ಟೆ ಹಿಡಿದು ಎಳೆದುಕೊಂಡು ಬಂದು ಕಲ್ಲಮ್ಮನ ಅಂಗಳದಲ್ಲಿ ನಿಂತಳು. ಓಣಿಯ ಬಾಗಿಲುಗಳೆಲ್ಲ ತೆರೆದವು.

“ನೋಡ್ರಿ ದೊಡ್ಡಮ್ಮ, ನಿಮ್ಮ ಸಿಪ್ಪೆ ಮಾಡಿರೋ ಕೆಲಸ! ಪಾರ್ಲರ್‌ನೋರನ್ನ ಕರೆಸ್ತೀನಿ ಅಂದಿದ್ಕೆ ಹಿಂಗಾ ಮಾಡೋದು?”

“ಅಮ್ಮಾ, ಸುಮ್ನಿರೇ! ಅಜ್ಜಿದೇನೈತೆ ತಪ್ಪು? ನಾನೇ ಫೋನ್ ನೋಡ್ಕಂಡು ಮಾಡ್ಕಂಡಿದ್ದು” ಎಂದು ರೂಪಶ್ರೀ ಅಳುತ್ತಲೇ ಅಡ್ಡ ಬಂದಳು.

ಹುಡುಗಿಯೇ ಬಾಗಿಲು ತೆರೆದುಕೊಟ್ಟಿದ್ದಳು, ಕಲ್ಲಮ್ಮ ನುಸುಳಿ ಪಾರಾಗಬಹುದಿತ್ತು. ಹೌದು ಅಂದಿದ್ದರೆ ಓಣಿಯೆಲ್ಲ ಅವಳ ಕಡೆಗೇ ಆಗುತ್ತಿತ್ತು. ಹಾಲಮ್ಮನ ಕಾಲದಿಂದ ಬಂದ ಕೈಗುಣಕ್ಕೆ ಒಂದು ಮಸಿಯೂ ಹತ್ತುತ್ತಿರಲಿಲ್ಲ. ಮುದುಕಿ ಹುಡುಗಿಯ ಕೈ ತೆಗೆದುಕೊಂಡು ಆ ಪಟ್ಟೆಗಳನ್ನು ನೋಡಿದಳು. ತೊಡೆಯ ಮೇಲೆ ಮಲಗಿಸಿಕೊಂಡು ಎಣ್ಣೆ ನೀವಿದ ಕೈ.

“ನಾಗಿ, ನಿನ್ನ ಬಾಯಿಗೆ ಬಂದಂಗೆ ಬೈಯಿ ನನ್ನ. ಬೇಕಂತ ಸುಟ್ಟಿಲ್ಲ ಕಣೇ, ಆದ್ರೆ ಗೊತ್ತಿದ್ದೂ ಸುಮ್ಕಿದ್ದೆ. ಯಾರೇ ಬಂದ್ರೂ ಹೇಳೋ ಮಾತು ಈ ಕೂಸಿಗೆ ಹೇಳ್ಲಿಲ್ಲ. ಪಾರ್ಲರ್ ಅಂದೆಯಲ್ಲ, ಅದಕ್ಕೆ ಬಾಯಿಗೆ ಬೀಗ ಹಾಕ್ಕಂಡೆ. ಸಿಪ್ಪೆದು ತಪ್ಪಲ್ಲ, ಹುಡುಗೀದು ತಪ್ಪಲ್ಲ. ನನ್ನದು.”

ನಾಗರತ್ನ ಹಿಡಿದಿದ್ದ ಮಗಳ ರಟ್ಟೆ ಬಿಟ್ಟಳು. ಮೆತ್ತಗೆ ಕೇಳಿದಳು: “ಈಗೇನು ಹಚ್ಚಿದ್ರೆ ಹೋಗ್ತೈತೆ ಹೇಳ್ರಿ ಮತ್ತೆ.”

“ಏನೂ ಹಚ್ಚಬಾರ್ದು. ನನ್ನ ಪುಡೀನೂ ಬ್ಯಾಡ, ನಿನ್ನ ಪಾರ್ಲರ್ ಮುಲಾಮೂ ಬ್ಯಾಡ. ಸುಟ್ಟ ಚರ್ಮಕ್ಕೆ ರಜಾ ಕೊಡಬೇಕು. ನಡೀರಿ, ಡಾಕ್ಟ್ರ ತಾವ ಹೋಗಾನ.”

ಮೂವರೂ ಬಸ್ಸು ಹತ್ತಿ ಹೊನ್ನಾಳಿಗೆ ಹೋದರು. ಚರ್ಮದ ಡಾಕ್ಟರು ಕಲ್ಲಮ್ಮ ಅಂದದ್ದನ್ನೇ ಅಂದರು: ಬಿಸಿಲಿಗೆ ಹೋಗಬೇಡಿ, ನಾನು ಕೊಟ್ಟ ಮುಲಾಮು ಬಿಟ್ಟು ಇನ್ನೇನೂ ಹಚ್ಚಬೇಡಿ, ತಾನಾಗಿ ಮಾಸುತ್ತದೆ, ಒಂದೆರಡು ತಿಂಗಳು ಬೇಕು. ಉರಿ ನಿಂತು ಚರ್ಮ ಗಟ್ಟಿಯಾದರೆ ಮದುವೆ ಹೊತ್ತಿಗೆ ಮನೆಯಲ್ಲಿ ಅರೆದ ಮದರಂಗಿ ಹಚ್ಚಬಹುದು, ಅಂಗಡಿಯ ಕೋನ್ ಬೇಡ ಎಂದೂ ಸೇರಿಸಿದರು.

ಎರಡು ತಿಂಗಳು ಎಂದು ಕೇಳಿ ರೂಪಶ್ರೀ ಬಸ್ಸಿನುದ್ದಕ್ಕೂ ಕಿಟಕಿಗೆ ಮುಖ ಮಾಡಿ ಅತ್ತಳು. “ಅವರ ಮನೆಯೋರು ಚರ್ಮದ ರೋಗವೋ ಇನ್ನೇನೋ ಅಂದ್ಕಂಡ್ರೆ?” ಎಂಬುದೊಂದೇ ಅವಳ ಬಾಯಲ್ಲಿ. ಕಲ್ಲಮ್ಮ ಕಿಟಕಿಯ ಬಿಸಿಲು ಹುಡುಗಿಯ ಕೈಗೆ ಬೀಳದಂತೆ ತನ್ನ ಸೆರಗನ್ನು ಅಡ್ಡ ಹಿಡಿದಳು.

ಅಂದಿನಿಂದ ಅವಳು ಜ್ಯೂಸ್ ಅಂಗಡಿ ಕಡೆ ಹೋಗಲಿಲ್ಲ. ನಾಗರತ್ನಳ ಜಗಲಿಯಲ್ಲಿ ಕಾವಲು ಕೂತಳು. ಬಿಸಿಲೇರಿದರೆ ಹುಡುಗಿ ಹೊಸಿಲು ದಾಟುವಂತಿಲ್ಲ. ಪಾರ್ಲರಿನ ಹೆಂಗಸು ಮುಂಚೆಯೇ ಒಮ್ಮೆ ನೋಡಿಹೋಗಲು ಬಂದು, “ಬ್ಲೀಚ್ ಮಾಡಿದರೆ ಹೋಗುತ್ತೆ” ಅಂದಾಗ ಕಲ್ಲಮ್ಮ ಬಾಗಿಲಿಗೆ ಅಡ್ಡ ಕಾಲು ಚಾಚಿದಳು.

“ಬ್ಲೀಚು ಅಂದ್ರೇನವ್ವ? ಹಂಡೆ ತಿಕ್ಕೋದಾ? ಹಂಡೆ ನಾನೂ ತಿಕ್ತೀನಿ. ಇದು ಹುಡುಗಿ. ತಲೆ ಬಾಚು, ಹೂ ಮುಡಿಸು, ಕಣ್ಣಿಗೆ ಕಾಡಿಗೆ ತೀಡು. ಕುತ್ತಿಗೆ ಕೈ ನನ್ನ ಸುಪರ್ದಿ.”

ಆ ಹೆಂಗಸೂ ಒಳ್ಳೆಯವಳು, ನಕ್ಕು ಒಪ್ಪಿದಳು.

ಅರಿಶಿನದ ದಿನ ಕಲ್ಲಮ್ಮನನ್ನು ನಾಗರತ್ನಳೇ ಕೈ ಹಿಡಿದು ಕರೆದೊಯ್ದಳು. ಅಟ್ಟದಿಂದ ಇಳಿದ ಡಬ್ಬಿಯ ಪುಡಿಯನ್ನು ಕಲ್ಲಮ್ಮ ಹುಡುಗಿಯ ಪಾದಕ್ಕೆ ಮಾತ್ರ ಹಚ್ಚಿ ತೊಳೆದಳು. ಉರಿ ಹೋಗಿ ವಾರವಾಗಿದ್ದ ಕೈಗಳಿಗೆ ಹಿತ್ತಲ ಮದರಂಗಿ ಸೊಪ್ಪು ಅರೆದಳು. ಎಲ್ಲರೂ ಅದಕ್ಕೆ ನಿಂಬೆರಸ ಹಿಂಡುತ್ತಾರೆ. ಅವಳು ಚಹಾ ಡಿಕಾಕ್ಷನ್ ಸುರಿದಳು. ಬೆರಳ ತುದಿಯಿಂದ ಮೊಣಕೈವರೆಗೆ ಬಳ್ಳಿ ಬಿಡಿಸಿದರೆ ಕಪ್ಪು ಪಟ್ಟೆಗಳೆಲ್ಲ ಬಳ್ಳಿಯೊಳಗೆ ಕರಗಿದವು. ಕುತ್ತಿಗೆಗೆ ಹಾರ ಇತ್ತು. ಕಿವಿಯ ಕೆಳಗಿನ ಒಂದು ಪಟ್ಟೆ ಮಾತ್ರ ಯಾವುದಕ್ಕೂ ಬಗ್ಗಲಿಲ್ಲ.

ಮಂಟಪದಲ್ಲಿ ಗುರುಬಸವರಾಜ್ ಅದನ್ನು ಕಂಡ. ಹತ್ತಿರದಲ್ಲೇ ಕೂತಿದ್ದ ಕಲ್ಲಮ್ಮ ಮುಂದಕ್ಕೆ ಬಾಗಿದಳು. ಹುಡುಗಿ ತಲೆ ತಗ್ಗಿಸಿ ಪಿಸುಗುಟ್ಟಿದಳು: “ನಿಂಬೆ ಸಿಪ್ಪೆ ತಿಕ್ಕಂಡು ಬಿಸಿಲಿಗೆ ಹೋಗಿದ್ದೆ ರೀ. ಮಾಸ್ತೈತಂತೆ.”

ಅವನು ತನ್ನ ಹಸ್ತ ಬಿಚ್ಚಿದ. ಉಗುರಿನ ಸಂದಿನಲ್ಲಿ, ಗೆರೆಗೆರೆಯಲ್ಲಿ ಗ್ರೀಸು. “ಒಂದು ವಾರದಿಂದ ಸೋಪಿನಾಗೆ ತಿಕ್ಕಿದೀನಿ, ಹೋಗಿಲ್ಲ. ನಿಂದಾದ್ರೆ ಎರಡು ತಿಂಗಳಿಗೆ ಹೋಗ್ತೈತೆ. ನಂದು ಗ್ಯಾರೇಜು ಮುಚ್ಚೋ ತಂಕ ಇರ್ತೈತೆ.”

ಹುಡುಗಿ ನಕ್ಕಳು. ಕಲ್ಲಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು, ಅಕ್ಷತೆ ಬೀಳುವ ಮುಂಚೆಯೇ ಒಂದು ಹಿಡಿ ಎರಚಿಬಿಟ್ಟಳು.

ಎರಡು ತಿಂಗಳ ಮೇಲೆ, ಮಾಸಿದ ಕೈಗಳನ್ನು ತೋರಿಸಲು ರೂಪಶ್ರೀ ಗಂಡನ ಜೊತೆ ಬಂದಳು. ಅವನ ಕೈಗೆ ಕಲ್ಲಮ್ಮ ಕೊಬ್ಬರಿ ಎಣ್ಣೆ ತಿಕ್ಕಿ, ಕಿತ್ತಳೆ ಸಿಪ್ಪೆಯ ತರಿಪುಡಿಯಲ್ಲಿ ಉಜ್ಜಿ ತೊಳೆದಾಗ ಗ್ರೀಸು ಕರಿನೀರಾಗಿ ಹರಿಯಿತು. ಅವನು ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡ. ಇಷ್ಟು ವಯಸ್ಸಿಗೆ ಒರಳು ಕುಟ್ಟುವುದು ಬೇಡ, ತಾನೊಂದು ಪುಡಿ ಮೆಷಿನ್ ತಂದು ಕೂರಿಸುತ್ತೇನೆ, ಕೈಗೊಂದು ಆಳು ಇಡುತ್ತೇನೆ, ಪೊಟ್ಟಣ ಕಟ್ಟಿ ಗ್ಯಾರೇಜುಗಳಿಗೆಲ್ಲ ಹಂಚೋಣ, ಬೇಕಾದರೆ ಅಜ್ಜಿಯ ಮಾತನ್ನೂ ಮೇಲೆ ಅಚ್ಚು ಹಾಕಿಸೋಣ ಎಂದ. ಎನ್ನುತ್ತಲೇ, ಜ್ಯೂಸ್ ಅಂಗಡಿಗೆ ಹೊರಟವಳ ಸೊಂಟದ ಬುಟ್ಟಿಯನ್ನು ತಾನೇ ಹೊರುತ್ತೇನೆಂದು ಅದಕ್ಕೂ ಕೈ ಹಾಕಿದ.

ಕಲ್ಲಮ್ಮ ಬುಟ್ಟಿಯನ್ನು ಇತ್ತ ಎಳೆದುಕೊಂಡಳು.

“ಮೆಷಿನ್ನೂ ಬ್ಯಾಡ, ಆಳೂ ಬ್ಯಾಡ ಕಣಪ್ಪ. ಗುಳಿಗೆ ಚೀಟಿ ಮೇಲೆ ಅಚ್ಚಾಗಿರೋದನ್ನ ನೀನು ಯಾವತ್ತಾರ ಓದೀಯ? ಓದಲ್ಲ. ಒಂದು ದಿನ ನಾನು ಬಾಯಿ ಮುಚ್ಕಂಡಿದ್ಕೆ ಈ ಕೂಸು ಹಂಗಾತು. ಸಾವ್ರ ಪೊಟ್ಟಣ ಬಾಯಿ ಮುಚ್ಕಂಡು ಊರೂರಿಗೆ ಹೋದ್ರೆ ಯಾರ್ ಯಾರ ಮನೇಲಿ ಏನೇನೋ! ಎಷ್ಟು ಮಂದಿ ಕೈಯಿಂದ ಮಾತು ತಿರುಗಿ ಹೇಳ್ಸಾಕೆ ಆಗ್ತೈತೋ, ಅಷ್ಟೇ ಮಂದಿಗೆ ಕುಟ್ತೀನಿ. ಬಿಡು ಬುಟ್ಟೀನ. ನನ್ನ ಸೊಂಟ ಇನ್ನೂ ಗಟ್ಟಿ ಐತೆ.”