ನಾಲಿಗೆಯಿಲ್ಲದ ಗಂಟೆ

ಶಕುನ, ಪವಾಡ ಯಾವುದನ್ನೂ ನಾನು ನಂಬಿದವಳಲ್ಲ. ವೃತ್ತಿಯಿಂದ ವೈದ್ಯೆ. ಯಾರಾದರೂ ಇಂಥ ಕಥೆ ಹೇಳಿದರೆ ಮೊದಲು ಅವರ ನಿದ್ದೆಯ ಬಗ್ಗೆ ವಿಚಾರಿಸುತ್ತಿದ್ದೆ. ನೀವೂ ನನ್ನನ್ನು ಹಾಗೆಯೇ ವಿಚಾರಿಸಿದರೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಆಸ್ಟ್ರೇಲಿಯಾದ ಅಡಿಲೇಡ್‌ನಿಂದ ದೂರ, ಗೋಧಿ ಹೊಲಗಳ ನಡುವಿನ ಹಳ್ಳಿಯೊಂದರ ಕ್ಲಿನಿಕ್ಕಿಗೆ ಸೇರಿದ್ದೆ. ಅಲ್ಲೊಂದು ಚಾಪೆಲ್, ಅಂದರೆ ಪುಟ್ಟ ಚರ್ಚು, ಇದೆ. ಇಂಗ್ಲೆಂಡಿನಲ್ಲಿ ಮಧ್ಯಯುಗದಲ್ಲಿ ಕಟ್ಟಿದ್ದನ್ನು ಬಿಚ್ಚಿ, ಕಲ್ಲುಗಳನ್ನೂ ಗಂಟೆಯನ್ನೂ ಹಡಗಿನಲ್ಲಿ ತಂದು ಮತ್ತೆ ಕಟ್ಟಿದ್ದಂತೆ. ನನಗೆ ಅದರ ಗೊಡವೆ ಇರಲಿಲ್ಲ. ಮನಸ್ಸೆಲ್ಲ ಬ್ರಿಸ್ಬೇನ್‌ನಲ್ಲಿತ್ತು. ಅಲ್ಲಿನ ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೆಯಲ್ಲಿರುವ ಅಕ್ಕ ತನ್ನ ಬೀದಿಯಲ್ಲೇ ನಮಗೂ ಮನೆ ನೋಡಿಟ್ಟಿದ್ದಳು. ಚಾಪೆಲ್‌ನಲ್ಲಿ ವರ್ಷಕ್ಕೊಮ್ಮೆ ನಡೆಯುವ ಸುಗ್ಗಿಯ ಪ್ರಾರ್ಥನೆ ಮುಗಿದ ಮೇಲೆ ಹೊರಡುವ ವಿಷಯ ಊರಿಗೆ ತಿಳಿಸುವುದೆಂದು ನಾನೂ ಗಂಡ ಮೋಹನನೂ ತೀರ್ಮಾನಿಸಿದ್ದೆವು.

ಪ್ರಾರ್ಥನೆಯ ಭಾನುವಾರ ಬೆಳಿಗ್ಗೆ ಚಾಪೆಲ್ ತುಂಬ ಜನ, ಜನರಿಗಿಂತ ಹೆಚ್ಚು ಕಾಣಿಕೆ ತಂದ ಕುಂಬಳಕಾಯಿ. ಅಭ್ಯಾಸಬಲದಿಂದ ಬಾಗಿಲಲ್ಲೇ ಚಪ್ಪಲಿ ಬಿಟ್ಟೆ. ಎದುರಿಗೇ ಹಗ್ಗ ನೇತಾಡುತ್ತಿತ್ತು. ದೇವರ ಮುಂದೆ ಹೋಗುವಾಗ ಗಂಟೆ ಬಾರಿಸದೆ ಹೋಗುವುದುಂಟೇ? ಎಳೆದೇಬಿಟ್ಟೆ. ಢಣ್ ಎಂದು ಮೊಳಗಿತು. ಎಲ್ಲರೂ ತಿರುಗಿ ನೋಡಿದರು. ಚಾಪೆಲ್‌ನ ಉಸ್ತುವಾರಿ ನೋಡಿಕೊಳ್ಳುವ ಜೋನ್ ಆಂಟಿ ಮೊಟ್ಟೆಯ ಬುಟ್ಟಿ ಹಿಡಿದುಕೊಂಡೇ ಬೆಂಚಿನ ಮೇಲೆ ಕುಸಿದು ಕೂತರು.

"ಏನೇ ಮಾಡ್ಬಿಟ್ಟೆ?" ಎಂದ ಮೋಹನ. "ಮೊದ್ಲು ಚಪ್ಪಲಿ ಹಾಕ್ಕೋ."

ಜೋನ್ ಆಂಟಿ ಸಾವರಿಸಿಕೊಂಡು ವಿವರಿಸಿದರು. ಹೊಸಬರಲ್ಲಿ ಯಾರ ಕೈಗೆ ಆ ಗಂಟೆ ಮೊಳಗುತ್ತದೋ ಅವರು ಊರು ಬಿಡುವುದಿಲ್ಲ. ಮುಂದಿನ ವರ್ಷ ಊರಿಗೆಲ್ಲ ಸುಗ್ಗಿಯೂಟ ಹಾಕಿಸುವುದೂ ಅವರೇ. ಹಿಂದಿನ ಡಾಕ್ಟರುಗಳಿಂದೆಲ್ಲ ಎಳೆಸಿದ್ದರಂತೆ. ಗಂಟೆ ಮೊಳಗಲಿಲ್ಲ, ಡಾಕ್ಟರುಗಳು ನಿಲ್ಲಲಿಲ್ಲ. ಮೊಳಗುವುದಾದರೂ ಹೇಗೆ? ಒಳಗೆ ಬಡಿಯುವ ನಾಲಿಗೆ ಕಳಚಿ ಬಿದ್ದು ಎಷ್ಟೋ ವರ್ಷವಾಗಿತ್ತು. ಅದನ್ನು ಬೀರುವಿನಿಂದ ತೆಗೆದು ನನ್ನ ಕೈಗಿಟ್ಟರು. ಏಣಿ ತರಿಸಿ ಹತ್ತಿ ನೋಡಿದೆ. ಗಂಟೆಯೊಳಗೆ ಹರಿಯದ ಜೇಡರ ಬಲೆ ಬಿಟ್ಟರೆ ಏನೂ ಇರಲಿಲ್ಲ.

ಮರುದಿನ ಕ್ಲಿನಿಕ್ಕಿಗೆ ಬಂದವರೆಲ್ಲ ರೋಗ ಹೇಳುವ ಮೊದಲು, ನೀವು ಉಳಿಯುತ್ತೀರಂತೆ ಎಂದು ಕೈ ಹಿಡಿದುಕೊಂಡರು. ಒಬ್ಬ ಅಜ್ಜ ಅತ್ತೇಬಿಟ್ಟ. ನನಗೆ ಸಿಟ್ಟೂ ಬಂತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಹೊರಡುತ್ತೇವೆ ಎನ್ನಲು ಬಾಯಿಯೇ ಬರಲಿಲ್ಲ.

"ಡಾಕ್ಟರ್ ಆಗಿ ಒಂದು ಗಂಟೆಗೆ ಹೆದರ್ಕೊಂಡು ಕೂತಿದ್ದೀಯಲ್ಲೇ," ಎಂದು ಅಕ್ಕ ಫೋನಿನಲ್ಲಿ ಬೈದಳು. ಮುಂದಿನ ಸುಗ್ಗಿಗೆ ಊರಿಗೆಲ್ಲ ಬಿಸಿಬೇಳೆಬಾತ್ ಬಡಿಸಿದೆ.

ಇನ್ನೊಮ್ಮೆ ಎಳೆದು ಪರೀಕ್ಷಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಂದು ಏಣಿಯಿಂದ ಇಳಿದವಳೇ ಹಗ್ಗ ಹಿಡಿದಿದ್ದೆ. ಜೋನ್ ಆಂಟಿ ಮೆಲ್ಲಗೆ ಬಿಡಿಸಿದರು. ಒಬ್ಬರಿಗೇ ಎರಡನೇ ಸಲ ಮೊಳಗಿದರೆ, ಚಾಪೆಲ್‌ನ ಹಿಂಭಾಗದ ಸ್ಮಶಾನದಲ್ಲಿ ಅವರಿಗೆ ಆ ವರ್ಷವೇ ಜಾಗವಂತೆ.

ಇಂಥವುಗಳಲ್ಲಿ ನನಗೆ ಈಗಲೂ ನಂಬಿಕೆಯಿಲ್ಲ. ಹಗ್ಗದಿಂದ ಮಾತ್ರ ಮಾರು ದೂರ ನಡೆಯುತ್ತೇನೆ.