ಬೆನ್ನು ನೆಲಕ್ಕೆ ತಾಗದವನು
“ಅಮ್ಮಾ, ಕೆಳಗಿನ ಮನೆ ತಾತ ಡೈನೋಸಾರ್ ಕುಸ್ತಿಗೂ ಸೀಟಿ ಊದಿದ್ರಾ?” ಎಂದಳು ಮಗಳು. ಕುಸ್ತಿಯ ರೆಫರಿಯಾಗಿದ್ದ ಅವರು ಗೋಡೆಯ ಹಲ್ಲಿಗಳು ಕಾದಾಡಿದರೂ ಅಂಕ ಕೊಡುತ್ತಾರೆ. ಅವರ ಮನೆಗೆ ಹೋದಾಗಲೆಲ್ಲ ಇಬ್ಬರಿಗೂ ಜಗಳ: ಇವಳು ಟಿ-ರೆಕ್ಸ್ ಪಕ್ಷ, ಅವರು ಸ್ಪೈನೋಸಾರಸ್ ಪಕ್ಷ. “ಕಚ್ಚಿದ್ರೆ ನಿನ್ನೋನು ಔಟ್! ನನ್ನ ಸ್ಪೈನೋಸಾರಸ್ ಬೆನ್ನ ಮೇಲೆ ಅಷ್ಟೆತ್ತರದ ಹಾಯಿ ಇದೆ ಕಣೇ, ಅವನ ಬೆನ್ನನ್ನ ನೆಲಕ್ಕೆ ತಾಗಿಸೋರು ಯಾರು?” “ಕಚ್ಚದೆ ಮುತ್ತು ಕೊಡ್ಬೇಕಾ ತಾತ?” ಲಕ್ವ ಹೊಡೆದ ಮೇಲೆ ಹೆಂಡತಿಯ ಹೆಸರೂ ನಾಲಿಗೆಗೆ ಸಿಗದೆ ಮೂಲೆ ಹಿಡಿದಿದ್ದವರು, ಈ ಜಗಳದಲ್ಲೇ ಒಂದೊಂದು ಮಾತನ್ನೂ ಗೆದ್ದು ತಂದರು. ಇವತ್ತು ‘ಸ್ಪೈನೋಸಾರಸ್’ ಕೂಡ ತೊದಲದೆ ಬಂತು. ಅಜ್ಜಿ ಅಡುಗೆಮನೆಯಿಂದಲೇ ಚಪ್ಪಾಳೆ ತಟ್ಟಿದರು. ನಾವು ಹೊರಡುವಾಗ ತಾತ ನನ್ನನ್ನು ಹತ್ತಿರ ಕರೆದರು: “ಸೋತುಬಿಡು ಅಂತ ಅವಳ ಕಿವೀಲಿ ಪಿಸುಗುಟ್ಟಬೇಡಮ್ಮ. ನಾನು ನಿಜವಾಗ್ಲೂ ಗೆಲ್ಬೇಕು.”